ಹೋರಿಯ ಹಬ್ಬಕ್ಕೆ ಮುನ್ನ

ಮಹಾನವಮಿ ಕಳೆದು ಬನ್ನಿ ಹಂಚಿಯಾಯಿತೆಂದರೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದು ಬಗೆಯ ಜ್ವರ ಹಬ್ಬುವುದುಂಟು. ಜ್ವರ ಹಿಡಿದವನನ್ನು ಗುರುತಿಸುವುದು ಕಷ್ಟವಲ್ಲ. ಅವನು ಗದ್ದೆಯ ಬದುವಿನ ಮೇಲೆ ನಿಂತು ಭತ್ತದ ತೆನೆಯನ್ನು ನೋಡುತ್ತಿರುವಂತೆ ಕಾಣುತ್ತಾನೆ. ಮನಸ್ಸು ಮಾತ್ರ ಕೊಟ್ಟಿಗೆಯಲ್ಲಿರುತ್ತದೆ. ಸಂತೆಗೆ ಹೋದರೆ ಮನೆಯಾಕೆ ಹೇಳಿದ ತೊಗರಿಬೇಳೆಯನ್ನು ಮರೆತು ಹುರುಳಿಯನ್ನೂ ಹತ್ತಿಕಾಳನ್ನೂ ಹೊತ್ತು ತರುತ್ತಾನೆ. ಬಸ್ಸಿನಲ್ಲಿ ಪಕ್ಕದವರು ಮಳೆಬೆಳೆಯ ಮಾತೆತ್ತಿದರೆ ಎರಡೇ ಮಾತಿನಲ್ಲಿ ಮುಗಿಸಿ, "ಈ ಸಲ ನಮ್ಮ ಹೋರಿ ಯಾರ ಕೈಗೂ ಸಿಗುವುದಿಲ್ಲ, ನೋಡುತ್ತಿರಿ" ಎನ್ನುತ್ತಾನೆ. ಹೋದ ವರ್ಷವೂ ಇದೇ ಮಾತನ್ನು ಆಡಿದ್ದ. ಅದರ ಹಿಂದಿನ ವರ್ಷವೂ ಆಡಿದ್ದ. ಹೋರಿ ಎರಡು ವರ್ಷವೂ ಸಿಕ್ಕಿತ್ತು. ಆದರೇನು? ಈ ವರ್ಷ ಬೇರೆ.

"ಈ ವರ್ಷ ಬೇರೆ" ಎಂಬ ಈ ಮಾತಿದೆಯಲ್ಲ, ಆಟಗಳನ್ನು ಪ್ರೀತಿಸುವವರೆಲ್ಲರ ಮಂತ್ರ ಇದು. ಪಟ್ಟಣದ ಮನೆಗಳಲ್ಲಿ ರೇಡಿಯೋಕ್ಕೆ ಕಿವಿಯಿಟ್ಟು ಕ್ರಿಕೆಟ್ಟಿನ ವಿವರಣೆಯನ್ನು ಕೇಳಿದ ನಿಮಗೆ ಅದರ ರುಚಿ ಗೊತ್ತೇ ಇದೆ. ಅಮೇರಿಕ ದೇಶದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟವುಂಟು. ಅಲ್ಲಿ ಚಳಿಯಿನ್ನೂ ಬಿಡದ ಫೆಬ್ರವರಿ ತಿಂಗಳಲ್ಲಿ ತಂಡಗಳು ಬೆಚ್ಚಗಿನ ಫ್ಲಾರಿಡಾ, ಅರಿಜೋನಾ ಸೀಮೆಗಳಿಗೆ ಹೋಗಿ ಸಾಧನೆಗೆ ತೊಡಗುತ್ತವೆ. ಆಗ ನಡೆಯುವ ಪಂದ್ಯಗಳ ಸೋಲುಗೆಲುವು ಲೆಕ್ಕಕ್ಕಿಲ್ಲ. ಆದರೂ ಅಭಿಮಾನಿಗಳು ಸಾವಿರಗಟ್ಟಲೆಯಲ್ಲಿ ಹೋಗಿ ನೋಡುತ್ತಾರೆ. ಏಕೆಂದರೆ, ಆ ಹೊತ್ತಿನಲ್ಲಿ ಯಾವ ತಂಡವೂ ಇನ್ನೂ ಸೋತಿರುವುದಿಲ್ಲ! ಶಿಕಾಗೋ ನಗರದ ಕಬ್ಸ್ ಎಂಬ ತಂಡ ೧೯೦೮ರಲ್ಲಿ ದೇಶದ ದೊಡ್ಡ ಪಂದ್ಯಾವಳಿಯನ್ನು ಗೆದ್ದದ್ದು, ಮತ್ತೆ ಗೆದ್ದದ್ದು ೨೦೧೬ರಲ್ಲಿ. ನಡುವಿನ ೧೦೮ ವರ್ಷ ಅದರ ಅಭಿಮಾನಿಗಳು "ಈ ವರ್ಷ ಬೇರೆ" ಎಂದುಕೊಂಡೇ ಬದುಕಿದರು. ಹಾಗೆ ಬದುಕಿ, ಗೆಲುವನ್ನು ನೋಡದೆ ತೀರಿಹೋದವರೂ ಅನೇಕರು. ಅವರ ಪಕ್ಕದಲ್ಲಿ ನಮ್ಮ ಶಿಕಾರಿಪುರದ ಅಭಿಮಾನಿಯ ಎರಡು ಮೂರು ವರ್ಷ ಏನು ಮಹಾ?

ನಮ್ಮ ಈ ಆಟಕ್ಕೆ ಹೆಸರು ಹಲವು. ಹೋರಿ ಹಬ್ಬ, ಹೋರಿ ಬೆದರಿಸುವ ಹಬ್ಬ, ದನ ಬೆದರಿಸುವ ಹಬ್ಬ, ಕೊಬ್ಬರಿ ಹೋರಿ ಹಬ್ಬ ಎಂದು ಊರಿಗೊಂದು ಬಗೆಯಾಗಿ ಕರೆಯುತ್ತಾರೆ. ಶಿಕಾರಿಪುರ, ಸೊರಬಗಳಲ್ಲಿಯೂ, ಗಡಿಯಾಚೆ ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲು, ಬ್ಯಾಡಗಿಗಳ ಸುತ್ತಿನಲ್ಲಿಯೂ ಇದರ ಬಳಕೆ ಹೆಚ್ಚು. ಬಲಿಪಾಡ್ಯಮಿಯ ದಿನ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಪೂಜೆಮಾಡುವ ಪದ್ಧತಿ ನಾಡಿನ ಬಹುಭಾಗದಲ್ಲಿದೆ. ರಾತ್ರಿಯಲ್ಲಿ ದೀಪ ಹಿಡಿದು ಮನೆಮನೆಗೂ ಹಾಡುತ್ತ ಹೋಗುವ ಅಂಟಿಕೆ-ಪಂಟಿಕೆಯವರ ಸಡಗರ ಮಲೆನಾಡಿನ ಕಡೆಗುಂಟು. ಪೂಜೆಯಾದ ದನಗಳನ್ನು ಊರ ಬೀದಿಯಲ್ಲಿ ಓಡಿಸುವುದು ಈ ಹಬ್ಬದ ಒಂದು ಅಂಗ. ಆ ಓಟವೇ ಬೆಳೆದು ಇಂದಿನ ಹೋರಿ ಹಬ್ಬವಾಗಿದೆ. ದೀಪಾವಳಿಗೆ ಆರಂಭವಾಗಿ, ಇಂದು ಈ ಊರು, ನಾಳೆ ಆ ಊರು ಎಂದು ಸರದಿಯ ಮೇಲೆ ಸಂಕ್ರಾಂತಿಯನ್ನೂ ದಾಟಿ ನಡೆಯುತ್ತದೆ. ಸುಗ್ಗಿಯ ಜೊತೆಗೆ ಹೆಣೆದುಕೊಂಡ ಆಟ ಇದು.

ಆಟದ ನಿಯಮ ಸರಳ. ಎರಡು ಬದಿಗೂ ಗಳುವಿನ ಬೇಲಿ ಕಟ್ಟಿದ ಉದ್ದನೆಯ ಓಣಿಯೊಂದನ್ನು ಅಣಿಮಾಡುತ್ತಾರೆ. ಅದೇ ಅಖಾಡ. ಹೋರಿಯ ಕೊರಳಿಗೆ ಕೊಬ್ಬರಿ ಗಿಟುಕುಗಳನ್ನು ಸರಮಾಡಿ ಕಟ್ಟಿರುತ್ತಾರೆ. ಒಂದೊಂದಾಗಿ ಹೋರಿಗಳನ್ನು ಬಿಡುತ್ತಾರೆ. ಓಣಿಯಲ್ಲಿ ಕಾದುನಿಂತ ಪೈಲ್ವಾನರು ಓಡುವ ಹೋರಿಯನ್ನು ತಡೆದು ಆ ಕೊಬ್ಬರಿಯನ್ನು ಹರಿಯಬೇಕು. ಹರಿದರೆ ಅವರಿಗೆ ಹೆಸರು. ಯಾರ ಕೈಗೂ ಸಿಗದೆ, ಕೊಬ್ಬರಿಯ ಸರದೊಡನೆ ಕೊನೆಯ ಗೆರೆಯನ್ನು ದಾಟಿದರೆ ಹೋರಿಗೆ ಹೆಸರು. ತಮಿಳುನಾಡಿನ ಜಲ್ಲಿಕಟ್ಟಿನಲ್ಲಿ ಹೋರಿಯ ಹಿಣಿಲನ್ನು ಅಪ್ಪಿಕೊಂಡು ಜೋತುಬೀಳುವುದೇ ಗೆಲುವು. ಕರಾವಳಿಯ ಕಂಬಳದಲ್ಲಿ ಕೋಣಗಳ ಜೋಡಿ ಕೆಸರುಗದ್ದೆಯಲ್ಲಿ ಓಡಬೇಕು. ನಮ್ಮಲ್ಲಿ ಎಲ್ಲವೂ ಆ ಕೊಬ್ಬರಿಯ ಸರದ ಮೇಲೆ ನಿಂತಿದೆ. ಬಹುಮಾನಗಳು ಒಂದು ಕಾಲಕ್ಕೆ ಚಿಕ್ಕವಾಗಿದ್ದುವು. ಈಗ ಬಂಗಾರ, ಮೋಟಾರ್ ಸೈಕಲ್ಲು, ಎತ್ತಿನಗಾಡಿಗಳವರೆಗೆ ಬೆಳೆದಿವೆ.

ಹೋರಿಯ ಸಿಂಗಾರವನ್ನು ನೀವು ನೋಡಿಯೇ ತಿಳಿಯಬೇಕು. ಬೆನ್ನ ಮೇಲೆ ಮಿರುಗುವ ಜೂಲ, ಕೊಂಬಿಗೆ ಕೊಂಬಣಸು, ಕೊರಳಿಗೆ ಗೆಜ್ಜೆಸರ, ಬಣ್ಣಬಣ್ಣದ ರಿಬ್ಬನ್ನು, ಕೆಲವಕ್ಕೆ ತಲೆಯ ಮೇಲೆ ಆಳೆತ್ತರಕ್ಕೆ ಬಲೂನಿನ ಗೊಂಚಲು. ಪ್ರತಿಯೊಂದಕ್ಕೂ ಒಂದೊಂದು ಬಿರುದು. ಒಂದಕ್ಕೆ ಊರದೇವರ ಹೆಸರು, ಮತ್ತೊಂದಕ್ಕೆ ಸಿನಿಮಾ ನಾಯಕನ ಹೆಸರು, ಇನ್ನೊಂದಕ್ಕೆ ಹಳೆಯ ರಾಜಮನೆತನದ ಹೆಸರು. ಕೇಳಿದರೆ ರಾಕ್ಷಸರ ದಂಡೇ ಬರುತ್ತಿದೆಯೇನೋ ಎನ್ನಿಸಬೇಕು. ಅದೇ ರಾಕ್ಷಸ ಬೆಳಿಗ್ಗೆ ಮನೆಯ ಮಗುವಿನ ಅಂಗೈಯಿಂದ ಬೆಲ್ಲದ ಚೂರನ್ನು ನೆಕ್ಕಿ ತಿಂದು ಬಂದಿರುತ್ತದೆ!

ಹಬ್ಬದ ದಿನದ ಈ ವೈಭವ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ನಿಜವಾದ ಅಭಿಮಾನಿಗೆ ಅದಕ್ಕಿಂತ ಸವಿಯಾದದ್ದು ಅದರ ಮುಂಚಿನ ಈ ಕೆಲವು ವಾರಗಳು. ಅಮೇರಿಕದವರು ಫ್ಲಾರಿಡಾಕ್ಕೆ ಹೋದಂತೆ ನಮ್ಮವರು ಊರ ಕೆರೆಗೆ ಹೋಗುತ್ತಾರೆ. ಮುಂಗಾರು ಸುರಿದು ಕೆರೆಗಳು ತುಂಬಿರುವ ಕಾಲ ಇದು. ಹೋರಿಯನ್ನು ನೀರಿಗಿಳಿಸಿ ಈಜಿಸುವುದೇ ಮೊದಲ ಪಾಠ. ಈಜಿದರೆ ಗೊರಸಿಗೂ ಕೀಲಿಗೂ ಪೆಟ್ಟಾಗದೆ ಎದೆಯೂ ಭುಜವೂ ಬಲಿಯುತ್ತವೆ. ಉಸಿರು ನಿಲ್ಲುವ ಶಕ್ತಿ ಹೆಚ್ಚುತ್ತದೆ. ಅನಂತರ ಗದ್ದೆಯ ಹಾದಿಯಲ್ಲಿ ಉದ್ದನೆಯ ನಡಿಗೆ, ಆಮೇಲೆ ಚಿಕ್ಕ ಚಿಕ್ಕ ಓಟ. ನೆನೆಸಿದ ಹುರುಳಿ, ಹತ್ತಿಕಾಳು, ಶೇಂಗಾಹಿಂಡಿ, ಜೋಳದ ನುಚ್ಚು ಇವು ನಿತ್ಯದ ಮೇವು. ಮನೆಯವರಿಗೆ ಇಲ್ಲದ ಹಾಲೂ ಮೊಟ್ಟೆಯೂ ಹೋರಿಗೆ ಸಲ್ಲುವುದುಂಟು. ಇದಕ್ಕೆ ಮನೆಯ ಹೆಂಗಸರು ಗೊಣಗುತ್ತಾರೆ. ಆದರೆ ಮೈಸವರಿ, ಕಲಗಚ್ಚು ಇಟ್ಟು, ಕಣ್ಣುದೃಷ್ಟಿ ತೆಗೆಯುವವರೂ ಅವರೇ.

ದೇಹದ ಸಾಧನೆಗಿಂತ ಮನಸ್ಸಿನ ಸಾಧನೆ ದೊಡ್ಡದು. ದನದ ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಅದಕ್ಕೆ ಹಿಂಬದಿಯ ಸ್ವಲ್ಪ ಜಾಗ ಬಿಟ್ಟರೆ ಸುತ್ತಲಿನದೆಲ್ಲ ಕಾಣುತ್ತದೆ. ಆದರೆ ಎದುರಿಗಿರುವ ವಸ್ತು ಎಷ್ಟು ದೂರದಲ್ಲಿದೆ ಎಂಬ ಅಂದಾಜು ನಮಗಿರುವಷ್ಟು ಚೆನ್ನಾಗಿ ಸಿಗುವುದಿಲ್ಲ. ನೆಲದ ಮೇಲಿನ ನೆರಳು ಅದಕ್ಕೆ ಹಳ್ಳದಂತೆ ತೋರಬಹುದು. ಕೆಂಪು ಬಟ್ಟೆ ಕಂಡರೆ ಹೋರಿ ಕೆರಳುತ್ತದೆಂಬುದು ಬರಿಯ ಮಾತು. ಕೆಂಪು ಬಣ್ಣವನ್ನು ನಮ್ಮಂತೆ ಗುರುತಿಸುವ ಶಕ್ತಿಯೇ ದನಕ್ಕಿಲ್ಲ. ಅದನ್ನು ಕದಲಿಸುವುದು ತಟ್ಟನೆಯ ಚಲನೆ ಮತ್ತು ಕರ್ಕಶವಾದ ಸದ್ದು. ನಮಗಿಂತ ಸೂಕ್ಷ್ಮವಾದ ಕಿವಿ ಅದರದು. ಆದುದರಿಂದ ಬಲ್ಲವರು ಹೋರಿಯನ್ನು ಮೆಲ್ಲಗೆ ಜನರ ನಡುವೆ ನಡೆಸಿ, ಡೊಳ್ಳಿನ ಸದ್ದಿಗೆ ಒಗ್ಗಿಸಿ, ಮೈಮೇಲೆ ಜೂಲ ಹಾಕಿ ತೆಗೆದು ರೂಢಿಮಾಡಿಸುತ್ತಾರೆ. ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಹಬ್ಬದ ಹೆಸರು ಹೋರಿ ಬೆದರಿಸುವುದು. ಆದರೆ ಒಳ್ಳೆಯ ಸಾಕಣೆದಾರ ತಿಂಗಳುಗಟ್ಟಲೆ ಮಾಡುವ ಕೆಲಸವೆಲ್ಲ ಹೋರಿ ಬೆದರದಂತೆ ನೋಡಿಕೊಳ್ಳುವುದು. ಬೆದರಿದ ಹೋರಿ ದಿಕ್ಕುಗೆಟ್ಟು ಬೇಲಿಗೆ ನುಗ್ಗುತ್ತದೆ. ಧೈರ್ಯವಿರುವ ಹೋರಿ ಓಣಿಯ ನಡುವೆ ಬಾಣದಂತೆ ನೇರವಾಗಿ ಹೋಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರ ಅಗತ್ಯ ಬೀಳುತ್ತದೆ.

ಈ ವಾರಗಳಲ್ಲಿ ಅಭಿಮಾನಿಗಳಿಗೂ ಕೈತುಂಬ ಕೆಲಸ. ಶಿರಾಳಕೊಪ್ಪದ ಸಂತೆಯಿರಲಿ, ಆನವಟ್ಟಿಯ ಚಹದ ಅಂಗಡಿಯಿರಲಿ, ನಾಲ್ಕು ಜನ ಸೇರಿದ ಕಡೆ ಗುಪ್ತಚಾರರ ಸಭೆಯೇ ನಡೆಯುತ್ತದೆ. ಯಾವ ಊರಿನವರು ಹೊಸ ಹೋರಿ ತಂದರು, ಯಾವ ಹೋರಿಯ ಕಾಲು ಕುಂಟುತ್ತಿದೆ, ಯಾವ ಪೈಲ್ವಾನ ಮದುವೆಯಾಗಿ ಈ ವರ್ಷ ಅಖಾಡಕ್ಕೆ ಇಳಿಯುವುದಿಲ್ಲ ಎಂದು ಮಾವನಿಗೆ ಮಾತುಕೊಟ್ಟಿದ್ದಾನೆ, ಎಲ್ಲ ಸುದ್ದಿಯೂ ಅಲ್ಲಿ ಸಿಗುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಹಬ್ಬಕ್ಕೆ ಮುಂಚೆಯೇ ಬಹುಮಾನದ ಮೋಟಾರ್ ಸೈಕಲ್ಲನ್ನು ಯಾರು ಮೊದಲು ಹತ್ತಬೇಕೆಂಬುದಕ್ಕೆ ಜಗಳವಾಗಿ ಮುನಿಸಿಕೊಂಡವರೂ ಇದ್ದಾರೆ. ತನ್ನದೆನ್ನುವ ಹೋರಿ ಅಭಿಮಾನಿಯದಲ್ಲ. ಅದರ ಮೇವಿಗೆ ಅವನು ಕಾಸು ಕೊಟ್ಟಿರಲಿಕ್ಕಿಲ್ಲ. ಬಹುಮಾನದಲ್ಲಿ ಪಾಲೂ ಇಲ್ಲ. ಆದರೂ ಅದು ಗೆದ್ದರೆ ಇವನು ಗೆದ್ದಂತೆ. ಇದನ್ನು ಹುಚ್ಚೆನ್ನಬೇಕೋ ಪ್ರೀತಿಯೆನ್ನಬೇಕೋ ನೀವೇ ಹೇಳಿ.

ಇಂಥ ಪ್ರೀತಿ ನಮ್ಮಲ್ಲಿ ಮಾತ್ರವೆಂದಲ್ಲ. ಫ್ರಾನ್ಸ್ ದೇಶದ ದಕ್ಷಿಣದಲ್ಲಿ ಕಮಾರ್ಗ್ ಎಂಬ ಜೌಗು ಸೀಮೆಯಿದೆ. ಅಲ್ಲಿಯ ಆಟದಲ್ಲಿ ಹೋರಿಯ ಕೊಂಬುಗಳಿಗೆ ದಾರ, ಕುಚ್ಚುಗಳನ್ನು ಕಟ್ಟಿರುತ್ತಾರೆ. ಬಿಳಿಯ ಉಡುಪಿನ ಯುವಕರು ಓಡಿಬಂದು ಅವನ್ನು ಕಿತ್ತುಕೊಳ್ಳಬೇಕು. ಹೋರಿಯನ್ನು ಕೊಲ್ಲುವಂತಿಲ್ಲ, ಆಟ ಮುಗಿದ ಮೇಲೆ ಅದು ತನ್ನ ಹುಲ್ಲುಗಾವಲಿಗೆ ಹಿಂತಿರುಗುತ್ತದೆ. ನಮ್ಮ ಕೊಬ್ಬರಿ ಹೋರಿಯ ದಾಯಾದಿಯಂತೆ ತೋರುವುದಿಲ್ಲವೆ? ಅಲ್ಲಿ ಆಟದ ನಾಯಕ ಮನುಷ್ಯನಲ್ಲ, ಹೋರಿ. ಲ ಕೈಲಾರ್ ಎಂಬ ಹಳ್ಳಿಯಲ್ಲಿ, ೧೯೩೩ರಲ್ಲಿ ಸತ್ತ ಸಾಂಗ್ಲಿಯೆ ಎಂಬ ಹೋರಿಗೆ ಸಮಾಧಿಯನ್ನೇ ಕಟ್ಟಿದ್ದಾರೆ. ಜನ ಇಂದಿಗೂ ಅದನ್ನು ಹೋಗಿ ನೋಡುತ್ತಾರೆ.

ದನಕ್ಕೂ ಧೈರ್ಯಕ್ಕೂ ನಮ್ಮ ಸೀಮೆಯಲ್ಲಿರುವ ನಂಟು ಬಹು ಹಳೆಯದು. ಶಿಕಾರಿಪುರ, ಸೊರಬಗಳಲ್ಲಿ ಯಾವ ಹಳ್ಳಿಗೆ ಹೋದರೂ ಕೆರೆಯ ಏರಿಯ ಮೇಲೋ ಗುಡಿಯ ಹಿಂದೆಯೋ ಒಂದೆರಡು ವೀರಗಲ್ಲು ಕಾಣಬಹುದು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟವನ್ನು ೧೯೦೨ರಲ್ಲಿಯೂ ಎಂಟನೆಯದನ್ನು ೧೯೦೪ರಲ್ಲಿಯೂ ಹೊರತಂದರು. ಮೊದಲನೆಯದರಲ್ಲಿ ಶಿಕಾರಿಪುರದ, ಎರಡನೆಯದರಲ್ಲಿ ಸೊರಬದ ಶಾಸನಗಳಿವೆ. ಪುಟ ತಿರುವಿದಂತೆಲ್ಲ ತುರುಗೊಳಿನಲ್ಲಿ, ಎಂದರೆ ದನಗಳನ್ನು ಕಳ್ಳರು ಹೊಡೆದೊಯ್ಯುವಾಗ ನಡೆಯುವ ಕಾಳಗದಲ್ಲಿ, ಸತ್ತವರ ಹೆಸರುಗಳು ಬರುತ್ತವೆ. ಅಂಥ ಕಲ್ಲಿನ ಕೆಳಗಿನ ಹಂತದಲ್ಲಿ ಕಾಳಗವೂ ದನಗಳ ಸಾಲೂ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರೂ, ಮೇಲೆ ಕೈಲಾಸವೂ ಇರುತ್ತದೆ. ಅವರು ಬಹುಮಾನಕ್ಕಾಗಿ ಸತ್ತವರಲ್ಲ. ಊರಿನ ದನ ಊರಿಗೆ ಹಿಂತಿರುಗಲೆಂದು ಸತ್ತವರು.

ಆಮೇಲೆ ದನಕ್ಕೆ ಅರಮನೆಯ ಮನ್ನಣೆಯೂ ದೊರೆಯಿತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅದರ ಎತ್ತುಗಳು ಸೈನ್ಯದ ಫಿರಂಗಿಗಳನ್ನು ಎಳೆದು ಹೆಸರಾದುವು. ಆ ತಳಿಯನ್ನು ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ. ಆದರೆ ಹಳ್ಳಿಯ ಹೊಲಕ್ಕೆ ಟ್ರಾಕ್ಟರೂ ಟಿಲ್ಲರೂ ಬಂದ ಮೇಲೆ ಗಂಡುಕರು ಯಾರಿಗೂ ಬೇಡದ ಕೂಸಾಗಿದೆ. ನೊಗ ಹೊರುವ ಕೆಲಸ ತಪ್ಪಿದ ಕಾಲದಲ್ಲಿ ಅದಕ್ಕೆ ಹೊಟ್ಟೆತುಂಬ ಹುರುಳಿಯಿಟ್ಟು ಮಗನಂತೆ ಸಾಕುವವರು ಯಾರಾದರೂ ಇದ್ದರೆ, ಈ ಹಬ್ಬದ ಹುಚ್ಚಿನವರು. ಹಬ್ಬ ಉಳಿಯಬೇಕೆನ್ನುವವರ ಪಕ್ಷದಲ್ಲಿ ಇದು ಬಲವಾದ ಮಾತು.

ಎದುರು ಪಕ್ಷದ ಮಾತೂ ಬಲವಾಗಿಯೇ ಇದೆ. ಅದನ್ನು ಕೇಳದೆ ಮುಂದೆ ಹೋಗುವುದು ಅಭಿಮಾನವಾಗಲಾರದು. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯನ್ನು ಆಧರಿಸಿ ಸುಪ್ರೀಂ ಕೋರ್ಟು ೨೦೧೪ರ ಮೇ ೭ರಂದು ಜಲ್ಲಿಕಟ್ಟನ್ನೂ ಹೋರಿಗಳ ಓಟವನ್ನೂ ನಿಲ್ಲಿಸಿತು. ಬಾಲ ತಿರುಚುವುದು, ತಿವಿಯುವುದು ಮೊದಲಾದ ಹಿಂಸೆಗಳು ಆ ತೀರ್ಪಿನಲ್ಲಿ ಎದ್ದು ಕಾಣುತ್ತವೆ. ೨೦೧೭ರಲ್ಲಿ ನಮ್ಮ ರಾಜ್ಯ ಆ ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೂ, ಹೋರಿಗಳ ಮತ್ತು ಎತ್ತಿನಗಾಡಿಗಳ ಓಟಕ್ಕೂ ದಾರಿಮಾಡಿತು. ೨೦೨೩ರ ಮೇ ೧೮ರಂದು ಐವರು ನ್ಯಾಯಾಧೀಶರ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆದರೆ ಒಂದು ಕಟ್ಟನ್ನೂ ಹಾಕಿತು: ನಿಯಮಗಳು ಅಕ್ಷರಶಃ ನಡೆಯಬೇಕು, ಅದಕ್ಕೆ ಜಿಲ್ಲಾಧಿಕಾರಿಗಳು ಹೊಣೆ. ಇದರರ್ಥ, ಅನುಮತಿ ಸಿಕ್ಕಿರುವುದು ಬೇಕಾದಂತೆ ಆಡುವುದಕ್ಕಲ್ಲ, ನೋವಾಗದಂತೆ ಆಡುವುದಕ್ಕೆ.

ನೋವು ಹೋರಿಯದು ಮಾತ್ರವಲ್ಲ. ೨೦೨೨ರ ದೀಪಾವಳಿಯ ಹೊತ್ತಿನಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ ಈ ಹಬ್ಬಕ್ಕೆ ಹೋದವರು ಜೀವ ಕಳೆದುಕೊಂಡರು. ದೀಪ ಹಚ್ಚಿದ ಮನೆಗಳಲ್ಲಿ ಕತ್ತಲೆ ಕವಿಯಿತು. ಇಂಥ ಸಂದರ್ಭಗಳಲ್ಲಿ ಹೋರಿಯ ತಿವಿತಕ್ಕೆ ಸಿಕ್ಕುವವರು ಎಷ್ಟೋ ವೇಳೆ ಕೊಬ್ಬರಿ ಹರಿಯಲು ಬಂದ ಪೈಲ್ವಾನರಲ್ಲ, ನೋಡಲು ಬಂದವರು. ಹಾಗೇಕೆ ಎಂದರೆ, ಪೈಲ್ವಾನನಿಗೆ ಹೋರಿಯ ಮೇಲೆ ಕಣ್ಣಿರುತ್ತದೆ. ನೋಡುವವನ ಕಣ್ಣು ಮುಂದಿನವನ ತಲೆಯ ಮೇಲೋ, ಕೈಯಲ್ಲಿ ಹಿಡಿದ ಫೋನಿನ ಮೇಲೋ ಇರುತ್ತದೆ. ಬೇಲಿ ಮುಗಿಯುವ ಕಡೆಯಲ್ಲಿ ಜನ ಗುಂಪುಗೂಡಿರುತ್ತಾರೆ. ದಣಿದು, ಸದ್ದಿಗೆ ಹೆದರಿ, ಬಿಡುಗಡೆಯ ದಾರಿ ಹುಡುಕುತ್ತ ಬರುವ ಹೋರಿಗೆ ಆ ಗುಂಪು ಗೋಡೆಯಂತೆ ಎದುರಾಗುತ್ತದೆ. ಗೋಡೆಯನ್ನು ಒಡೆಯದೆ ಅದು ಏನು ಮಾಡೀತು?

ಹಿಂದೆ ನೆನಪಿನಲ್ಲಿಡಿ ಎಂದ ಮಾತು ಈಗ ಬಂತು. ಸಾಕಿದವನು ತಿಂಗಳುಗಟ್ಟಲೆ ಕಲಿಸಿದ ಧೈರ್ಯವನ್ನು ಅಭಿಮಾನಿ ಒಂದು ನಿಮಿಷದಲ್ಲಿ ಕೆಡಿಸಬಲ್ಲ. ಅವನು ಊದುವ ಪೀಪಿ, ಹೋರಿಯ ಕಾಲ ಬಳಿ ಹಚ್ಚುವ ಪಟಾಕಿ, ಬೇಲಿಯೊಳಗೆ ಚಾಚುವ ಕೈ, ಇವೆಲ್ಲ ಹೋರಿಯನ್ನು ಬೆದರಿಸುವುವು. ಬೆದರಿದ ಹೋರಿ ತನಗೂ ಅಪಾಯ, ಜನಕ್ಕೂ ಅಪಾಯ. ಆದುದರಿಂದ ಹಬ್ಬದ ಸೋಲುಗೆಲುವಿನಲ್ಲಿ ಅಭಿಮಾನಿಗೆ ಪಾಲಿಲ್ಲವೆಂದು ನಾನು ಆಗಲೆ ಹೇಳಿದ್ದರೂ, ಹಬ್ಬದ ಉಳಿವು ಅಳಿವಿನಲ್ಲಿ ಅವನಿಗೆ ದೊಡ್ಡ ಪಾಲಿದೆ.

ಪಟ್ಟಣದಿಂದ ಹಬ್ಬ ನೋಡಲು ಹೊರಡುವ ನೀವು ಇಷ್ಟು ಮಾಡಬಹುದು. ಎರಡು ಬದಿಗೂ ಗಟ್ಟಿಯಾದ ಬೇಲಿಯಿಲ್ಲದ ಅಖಾಡದ ಹತ್ತಿರ ನಿಲ್ಲಬೇಡಿ. ಎತ್ತರದ ಕಟ್ಟೆಯೋ ಮನೆಯ ಮಹಡಿಯೋ ಇದ್ದರೆ ಅಲ್ಲಿಂದ ನೋಡಿ. ಓಣಿಯ ಕೊನೆಯ ಬಯಲಿನಲ್ಲಿ ನಿಲ್ಲಲೇಬೇಡಿ. ಅದು ಹೋರಿ ಓಡಿ ತಣಿಯುವ ಜಾಗ. ಮಕ್ಕಳ ಕೈ ಬಿಡಬೇಡಿ. ಕುಡಿದವರು ಬೇಲಿ ದಾಟಿದರೆ ಚಪ್ಪಾಳೆ ತಟ್ಟಬೇಡಿ. ವೈದ್ಯರೂ ಪಶುವೈದ್ಯರೂ ಇಲ್ಲದ ಕಡೆ ಹಬ್ಬ ನಡೆಸುವವರನ್ನು ಕೇಳಲು ಸಂಕೋಚಪಡಬೇಡಿ. ಹಣ ಕೊಟ್ಟು ಬಹುಮಾನ ಇಡಿಸುವ ಧನಿಕರಿದ್ದರೆ, ಒಂದು ತೊಲ ಬಂಗಾರವನ್ನು ಕಡಿಮೆ ಮಾಡಿ ಆ ಹಣದಲ್ಲಿ ಬೇಲಿಯನ್ನು ಇನ್ನಷ್ಟು ಉದ್ದಕ್ಕೆ ಕಟ್ಟಿಸಲಿ. ಬಂಗಾರ ಒಬ್ಬನ ಮನೆಗೆ ಹೋಗುತ್ತದೆ. ಬೇಲಿ ಎಲ್ಲರನ್ನೂ ಮನೆಗೆ ಕಳಿಸುತ್ತದೆ.

ಇನ್ನು ಮೂರು ವಾರಕ್ಕೆ ಬಲಿಪಾಡ್ಯಮಿ. ಕೆರೆಯಲ್ಲಿ ಹೋರಿಗಳು ಈಜುತ್ತಿವೆ. ಯಾವುದೂ ಇನ್ನೂ ಸೋತಿಲ್ಲ, ಯಾವ ಮನೆಯೂ ಇನ್ನೂ ಅತ್ತಿಲ್ಲ. ಈ ಹೊತ್ತಿನಲ್ಲಿ ಆಸೆಪಡುವ ಹಕ್ಕು ಎಲ್ಲರಿಗೂ ಉಂಟು. ನಮ್ಮ ಹೋರಿ ಗೆಲ್ಲಲಿ ಎಂದು ನಾನೂ ಆಸೆಪಡುತ್ತೇನೆ. ಬಿಡೆನೆಂದರೂ ಅದು ಬಿಡದು. ಆದರೆ ಅದಕ್ಕಿಂತ ದೊಡ್ಡ ಆಸೆಯೊಂದಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋರಿ ಕೊಟ್ಟಿಗೆಗೆ ಬರಲಿ; ಅದನ್ನು ಹಿಡಿಯಹೋದ ಹುಡುಗ ತನ್ನ ತಾಯಿಯ ಕಣ್ಣೆದುರಿಗೆ ಬರಲಿ; ನೋಡಹೋದವರು ಬಾಯಿತುಂಬ ಕಥೆ ಹೊತ್ತು ಬರಲಿ. ಹಾಗಾದರೆ ಕೊಬ್ಬರಿ ಯಾರ ಕೈಸೇರಿದರೂ ಹಬ್ಬ ಗೆದ್ದಂತೆ. ಸೋತ ಊರಿನವರಿಗೆ ಮುಂದಿನ ವರ್ಷವಂತೂ ಇದ್ದೇ ಇದೆ.